ಇಲ್ಲು ಇರುವ ಕಡೆ ಊರು

ಗ್ರೀನ್‌ಲ್ಯಾಂಡಿನ ಹುಚ್ಚು ನನಗೆ ಹತ್ತಿಸಿದ್ದು ಒಂದು ಅಕ್ಷರ. ಹಿಮಕರಡಿ, ಹಿಮಗಡ್ಡೆ ಎಲ್ಲ ಆಮೇಲೆ ಬಂದವು.

ನಮ್ಮ ಟೀಮಿನ ಪಾಲಿಗೆ ಬಂದಿರೋದು ಅಕ್ಷರಗಳ ಕೆಲಸ. ಜಗತ್ತಿನ ಯಾವ ಭಾಷೆಯಲ್ಲಿ ಹೆಸರು ಟೈಪ್ ಮಾಡಿದರೂ ನಮ್ಮ ಸಾಫ್ಟ್‌ವೇರ್ ಒದ್ದಾಡಬಾರದು, ಅಷ್ಟೇ. ಒಂದು ದಿನ ಸಣ್ಣಕ್ಷರಗಳನ್ನು ದೊಡ್ಡಕ್ಷರ ಮಾಡುವ ಪರೀಕ್ಷೆ ಓಡಿಸಿದಾಗ ಒಂದಷ್ಟು ಅಕ್ಷರಗಳು ಇದ್ದ ಹಾಗೇ ವಾಪಸ್ ಬಂದವು. ಅದರಲ್ಲಿ ಒಂದರ ಹೆಸರು 'ಕ್ರಾ'. ಯೂನಿಕೋಡಿನಲ್ಲಿ ಅದರ ಸಂಖ್ಯೆ 0138. ನೋಡೋಕೆ ಇಂಗ್ಲಿಷಿನ ಕೆ ಅಕ್ಷರದ ತಲೆ ಕತ್ತರಿಸಿದ ಹಾಗಿದೆ. ಅದಕ್ಕೆ ದೊಡ್ಡಕ್ಷರವೇ ಇಲ್ಲ. ಇದು ಯಾರ ಮನೆಯ ಮಗು ಅಂತ ಹುಡುಕಿದರೆ ಸಿಕ್ಕಿದ್ದು ಗ್ರೀನ್‌ಲ್ಯಾಂಡ್. ಗಂಟಲಿನ ಆಳದಲ್ಲಿ, ಕಿರುನಾಲಿಗೆಯ ಹತ್ತಿರ ಹುಟ್ಟುವ ಒಂದು ಥರದ 'ಕ' ಬರೆಯೋದಕ್ಕೆ ಅಲ್ಲಿ ಈ ಅಕ್ಷರ ಬಳಸ್ತಿದ್ದರು. 1973ರಲ್ಲಿ ಬರವಣಿಗೆಯನ್ನು ಸುಧಾರಿಸಿದಾಗ ಕ್ರಾ ಬಿಟ್ಟುಹೋಯಿತು, ಅದರ ಜಾಗಕ್ಕೆ ಮಾಮೂಲಿ ಕ್ಯೂ ಬಂತು. ಈಗ ಅದು ಹಳೇ ಪುಸ್ತಕಗಳಲ್ಲಿದೆ, ಮತ್ತೆ ಯೂನಿಕೋಡಿನಲ್ಲಿದೆ.

ನಮ್ಮಲ್ಲೂ ಇಂಥ ಇಬ್ಬರು ಹಿರಿಯರಿದ್ದಾರೆ ನೋಡಿ, ೞ ಮತ್ತು ಱ. ಹಳಗನ್ನಡ ಓದಿದವರಿಗೆ ಗೊತ್ತಿರುತ್ತೆ. ೞ ಅಕ್ಷರಕ್ಕೆ ಯೂನಿಕೋಡಿನಲ್ಲಿ ಯಾರೋ ತಪ್ಪಾಗಿ 'ಫ' ಅಂತ ಹೆಸರು ಕೊಟ್ಟುಬಿಟ್ಟಿದ್ದಾರೆ. ಒಂದು ಸಲ ಕೊಟ್ಟ ಹೆಸರು ಬದಲಾಯಿಸಬಾರದು ಅನ್ನೋದು ಅಲ್ಲಿಯ ಕಾನೂನು. ಹಾಗಾಗಿ ಪಂಪನ ಕಾಲದ ಅಕ್ಷರವೊಂದು ರೇಷನ್ ಕಾರ್ಡಿನಲ್ಲಿ ತಪ್ಪಾಗಿ ಬಿದ್ದ ಹೆಸರಿನ ಹಾಗೆ ಶಾಶ್ವತವಾಗಿ ಅದೇ ಹೆಸರು ಹೊತ್ತು ನಿಂತಿದೆ. ಕ್ರಾ ಮತ್ತು ೞ ಇಬ್ಬರೂ ಒಂದೇ ವೃದ್ಧಾಶ್ರಮದಲ್ಲಿದ್ದಾರೆ ಅನ್ನಿಸಿ ಅವತ್ತು ಸಂಜೆ ಗ್ರೀನ್‌ಲ್ಯಾಂಡ್ ಬಗ್ಗೆ ಓದೋಕೆ ಕೂತೆ. ಅಲ್ಲಿಂದ ಎದ್ದಿಲ್ಲ.

ಕ್ರಾ ಅಕ್ಷರವನ್ನು ಬಳಕೆಗೆ ತಂದವನು ಸ್ಯಾಮ್ಯುಯೆಲ್ ಕ್ಲೈನ್‌ಶ್ಮಿಟ್. ಜರ್ಮನ್ ಮಿಷನರಿಯ ಮಗ, ಹುಟ್ಟಿದ್ದು 1814ರಲ್ಲಿ ಗ್ರೀನ್‌ಲ್ಯಾಂಡಿನಲ್ಲೇ. 1851ರಲ್ಲಿ ಆ ಭಾಷೆಗೊಂದು ವ್ಯಾಕರಣ ಬರೆದ, ಆಮೇಲೆ ನಿಘಂಟು ಮಾಡಿದ. ಇದನ್ನ ಓದುವಾಗ ನಿಮಗೂ ಕಿಟೆಲ್ ನೆನಪಾಗಬೇಕಲ್ಲ? ಅದೇ ಶತಮಾನ, ಅಂಥದೇ ಜರ್ಮನ್ ಮಾತಾಡುವ ಮಿಷನರಿಗಳು, ಅದೇ ಹಟ. ಒಬ್ಬ ಹಿಮದಲ್ಲಿ ಕೂತು ಪದ ಹೆಕ್ಕಿದ, ಇನ್ನೊಬ್ಬ ಮಂಗಳೂರು ಧಾರವಾಡದ ಕಡೆ ಕೂತು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ಬಂತು. ಗ್ರೀನ್‌ಲ್ಯಾಂಡಿನವರ ಪತ್ರಿಕೆ 1861ರಲ್ಲಿ ಶುರುವಾಯಿತು. ಅದರ ಹೆಸರು 'ಅಟುವಗಗ್ಡ್ಲಿಯುಟಿಟ್'. ಓದುವ ಸಾಮಾನು ಅನ್ನೋ ಥರದ ಅರ್ಥ. ಹೆಸರು ಹೇಳಿ ಮುಗಿಸುವಷ್ಟರಲ್ಲಿ ನಮ್ಮೂರ ಬಸ್ಸು ಹೋಗಿರುತ್ತೆ, ಆದರೆ ಒಂದೂವರೆ ಶತಮಾನದ ಹಿಂದೆ, ಕೆಲವೇ ಸಾವಿರ ಜನ ಇದ್ದ ಕಡೆ, ತಮ್ಮ ಭಾಷೆಯಲ್ಲಿ ಚಿತ್ರಗಳಿರುವ ಪತ್ರಿಕೆ ಓದ್ತಿದ್ದರು ಅನ್ನೋದು ಸಣ್ಣ ಮಾತಲ್ಲ.

ಆ ಭಾಷೆಯ ಹೆಸರು ಕಲಾಲ್ಲಿಸುಟ್. ಒಂದು ಮೂಲಪದಕ್ಕೆ ಹಿಂದಿನಿಂದ ಪ್ರತ್ಯಯಗಳನ್ನು ಗೂಡ್ಸ್ ರೈಲಿನ ಹಾಗೆ ಅಂಟಿಸ್ತಾ ಹೋಗೋದು. 'ಇಲ್ಲು' ಅಂದರೆ ಮನೆ. ನಮ್ಮದು ಮಧುಗಿರಿ ಕಡೆ, ಅರ್ಧ ಊರಿಗೆ ತೆಲುಗು ಬರುತ್ತೆ, ಹಾಗಾಗಿ ಇಲ್ಲು ಅಂದ ಕೂಡಲೇ ನಾನು ಕುರ್ಚಿಯಿಂದ ಎದ್ದುಬಿಟ್ಟೆ. ತೆಲುಗಿನಲ್ಲೂ ಮನೆ ಅಂದರೆ ಇಲ್ಲು! ಇದು ಬರೀ ಕಾಕತಾಳೀಯ, ದಯವಿಟ್ಟು ಇದರ ಮೇಲೆ ವಾಟ್ಸಾಪ್ ಇತಿಹಾಸ ಕಟ್ಟಬೇಡಿ. ಇಲ್ಲುವಿಗೆ 'ಇರುವ' ಅನ್ನೋ ಪ್ರತ್ಯಯ, 'ಜಾಗ' ಅನ್ನೋ ಪ್ರತ್ಯಯ ಸೇರಿಸಿದರೆ 'ಇಲ್ಲೊಕರ್‌ಫಿಕ್'. ಮನೆಗಳಿರುವ ಜಾಗ, ಅಂದರೆ ಪಟ್ಟಣ. 'ಇಲ್ಲೊಕರ್‌ಪುಂಗಾ' ಅಂದರೆ ನನಗೆ ಮನೆ ಇದೆ. ಇಡೀ ವಾಕ್ಯ, ಒಂದೇ ಪದ. ಇಂಥ ಭಾಷೆಗೆ ಪದಪಟ್ಟಿ ಇಟ್ಟುಕೊಂಡು ಕಾಗುಣಿತ ತಿದ್ದುವ ತಂತ್ರಾಂಶ ಮಾಡೋಕಾಗಲ್ಲ, ಯಾಕಂದರೆ ಪಟ್ಟಿ ಮುಗಿಯೋದೇ ಇಲ್ಲ. ಅಲ್ಲಿಯ ಭಾಷಾ ಕಚೇರಿಯವರು ಪದ ಹೇಗೆ ಹುಟ್ಟುತ್ತೆ ಅನ್ನೋ ನಿಯಮಗಳನ್ನೇ ಕೋಡ್ ಮಾಡಿ ಅದನ್ನ ಸಾಧಿಸಿದ್ದಾರೆ. 'ಹೋಗಬೇಕಾಗಿತ್ತಲ್ಲವೇನೋ' ಅಂತ ಒಂದೇ ಉಸಿರಿಗೆ ಹೇಳುವ ನಮಗೂ ಅದೇ ದಾರಿ ಬೇಕಾಗಿರೋದು. ಅಂದ್ಹಾಗೆ ಕಂಪ್ಯೂಟರಿಗೆ ಅವರು 'ಕರಸಾಸಿಯಾಕ್' ಅಂತಾರೆ, ಅಂದರೆ ಕೃತಕ ಮಿದುಳು.

ಇನ್ನು ನೆಲದ ಕಥೆ. ನಮ್ಮ ಹೈಸ್ಕೂಲಿನ ಗೋಡೆ ಮೇಲಿದ್ದ ಭೂಪಟದಲ್ಲಿ ಗ್ರೀನ್‌ಲ್ಯಾಂಡ್ ಹೆಚ್ಚೂಕಮ್ಮಿ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣ್ತಿತ್ತು. ನಿಜದಲ್ಲಿ ಆಫ್ರಿಕಾ ಅದರ ಹದಿನಾಲ್ಕು ಪಟ್ಟು ಇದೆ. ಗುಂಡಗಿರೋ ಭೂಮಿಯನ್ನು ಚಪ್ಪಟೆ ಹಾಳೆಗೆ ಎಳೆದು ಅಂಟಿಸುವಾಗ ಧ್ರುವದ ಹತ್ತಿರದ ನೆಲ ಹಿಗ್ಗಿಬಿಡುತ್ತೆ, ಅದರ ಫಲ ಇದು. ಹಾಗಂತ ಗ್ರೀನ್‌ಲ್ಯಾಂಡ್ ಚಿಕ್ಕದೇನಲ್ಲ. ಸುಮಾರು 21.66 ಲಕ್ಷ ಚದರ ಕಿಲೋಮೀಟರ್, ಜಗತ್ತಿನ ಅತಿ ದೊಡ್ಡ ದ್ವೀಪ, ನಮ್ಮ ಕರ್ನಾಟಕದ ಹನ್ನೊಂದು ಪಟ್ಟು. ಅದರಲ್ಲಿ ಶೇಕಡಾ 80ರಷ್ಟು ಬರೀ ಮಂಜುಗಡ್ಡೆ. ಕೆಲವು ಕಡೆ ಅದರ ದಪ್ಪ ಮೂರು ಕಿಲೋಮೀಟರಿಗೂ ಜಾಸ್ತಿ. ನಂದಿಬೆಟ್ಟವನ್ನ ಎರಡು ಸಲ ಹುಗಿದರೂ ತುದಿ ಕಾಣಲ್ಲ. ಜನ ಇರೋದು ಅಂಚಿನಲ್ಲಿ, ಹೆಚ್ಚಿನವರು ಪಶ್ಚಿಮದ ಕರಾವಳಿಯಲ್ಲಿ. ಒಟ್ಟು ಜನ 57 ಸಾವಿರಕ್ಕಿಂತ ಚೂರು ಕಮ್ಮಿ. ಚಿನ್ನಸ್ವಾಮಿ ಸ್ಟೇಡಿಯಮ್ಮಿನಲ್ಲಿ ಎರಡು ಮ್ಯಾಚ್ ಇಟ್ಟರೆ ಇಡೀ ದೇಶವನ್ನ ಕೂರಿಸಿ ಕಳಿಸಬಹುದು. ಒಂದು ಊರಿಂದ ಇನ್ನೊಂದು ಊರಿಗೆ ರಸ್ತೆ ಇಲ್ಲ. ದೋಣಿ, ವಿಮಾನ, ಹೆಲಿಕಾಪ್ಟರ್, ಉತ್ತರ ಮತ್ತು ಪೂರ್ವದ ಕಡೆ ನಾಯಿ ಎಳೆಯುವ ಜಾರುಬಂಡಿ.

ಹಸಿರೇ ಕಮ್ಮಿ ಇರೋ ನಾಡಿಗೆ ಈ ಹೆಸರು ಯಾಕೆ? ಐಸ್‌ಲ್ಯಾಂಡಿನಿಂದ ಗಡೀಪಾರಾಗಿದ್ದ ಕೆಂಪು ಎರಿಕ್ ಅನ್ನೋ ಆಸಾಮಿ ಇಟ್ಟ ಹೆಸರು ಅದು. ಒಳ್ಳೇ ಹೆಸರಿದ್ದರೆ ಜನ ಬರ್ತಾರೆ ಅನ್ನೋ ಲೆಕ್ಕಾಚಾರ ಅಂತ ಹಳೇ ಐಸ್‌ಲ್ಯಾಂಡಿನ ಕಥನಗಳೇ ಹೇಳ್ತವೆ. ಹೊಸಕೋಟೆ ದಾಟಿದ ಮೇಲೆ ಒಂದೂ ಮರ ಇಲ್ಲದ ಬಯಲಲ್ಲಿ 'ಗ್ರೀನ್ ಮೆಡೋಸ್' ಅಂತ ಬೋರ್ಡ್ ನಿಲ್ಲಿಸ್ತಾರಲ್ಲ, ಆ ಕಲೆಯ ಮೂಲಪುರುಷ ಈತನೇ ಇರಬೇಕು. 985ರ ಹೊತ್ತಿಗೆ 25 ಹಡಗು ಹೊರಟು 14 ತಲುಪಿದವಂತೆ. ಬಂದವರು ದಕ್ಷಿಣದ ಕೊಲ್ಲಿಗಳಲ್ಲಿ ದನ, ಕುರಿ ಕಟ್ಟಿಕೊಂಡು ನಾನೂರು ವರ್ಷಕ್ಕೂ ಹೆಚ್ಚು ಬಾಳಿದರು, ವಾಲ್ರಸ್ ಪ್ರಾಣಿಯ ದಂತ ಯುರೋಪಿಗೆ ಮಾರಿದರು. 1408ರಲ್ಲಿ ಹ್ವಾಲ್‌ಸೇ ಅನ್ನೋ ಊರಿನ ಚರ್ಚಿನಲ್ಲಿ ಒಂದು ಮದುವೆ ಆಗಿದೆ. ಅದರ ದಾಖಲೆಯೇ ಅವರ ಬಗ್ಗೆ ಇರೋ ಕೊನೇ ಬರಹ. ಆಮೇಲೆ ಸದ್ದಿಲ್ಲ. ಚಳಿ ಹೆಚ್ಚಿದ್ದು, ದಂತದ ವ್ಯಾಪಾರ ಬಿದ್ದದ್ದು, ಹಡಗು ಬರೋದು ನಿಂತದ್ದು, ಎಲ್ಲ ಸೇರಿ ಊರು ಖಾಲಿಯಾಯಿತು ಅಂತಾರೆ. ಚರ್ಚಿನ ಕಲ್ಲುಗೋಡೆ ಇವತ್ತೂ ನಿಂತಿದೆ.

ಅದೇ ಚಳಿಯಲ್ಲಿ ಉಳಿದವರು ಇನ್ಯೂಟ್ ಜನ. ಇಂದಿನ ಗ್ರೀನ್‌ಲ್ಯಾಂಡಿನವರ ಪೂರ್ವಿಕರು ಅಲಾಸ್ಕಾ ಕಡೆಯಿಂದ ಕೆನಡಾ ದಾಟಿ 1200ರ ಆಸುಪಾಸಿನಲ್ಲಿ ಇಲ್ಲಿಗೆ ಬಂದರು. ಅವರ ಹತ್ತಿರ ಚರ್ಮದ ದೋಣಿ, ತಿಮಿಂಗಿಲ ಹೊಡೆಯುವ ಈಟಿ, ನಾಯಿಬಂಡಿ ಇತ್ತು. 1721ರಲ್ಲಿ ಹಾನ್ಸ್ ಎಗೆಡೆ ಅನ್ನೋ ಪಾದ್ರಿ ಕಳೆದುಹೋದ ಆ ಹಳೇ ಯುರೋಪಿನವರನ್ನ ಹುಡುಕಿಕೊಂಡು ಬಂದ. ಅವರು ಸಿಗಲಿಲ್ಲ, ಇನ್ಯೂಟ್ ಜನ ಸಿಕ್ಕರು. ರೊಟ್ಟಿಯನ್ನೇ ನೋಡದವರಿಗೆ 'ದಿನದ ರೊಟ್ಟಿ ಕೊಡು' ಅನ್ನೋ ಪ್ರಾರ್ಥನೆ ಕಲಿಸೋದು ಹೇಗೆ? 'ದಿನದ ಸೀಲ್ ಕೊಡು' ಅಂತ ಬದಲಾಯಿಸಿದ ಅನ್ನೋ ಕಥೆ ಇದೆ. ಹಿಂದೆಯೇ ಸಿಡುಬು ಬಂತು, 1733ರಲ್ಲಿ ಊರಿಗೆ ಊರೇ ಸತ್ತವು. ಗ್ರೀನ್‌ಲ್ಯಾಂಡ್ ಡೆನ್ಮಾರ್ಕಿನ ವಸಾಹತಾಯಿತು.

ಇಲ್ಲಿಯವರೆಗೂ ಇದು ನನಗೆ ರಾತ್ರಿ ಊಟ ಆದ ಮೇಲೆ ಓದುವ ಕಥೆಯಾಗಿತ್ತು. 1950ರ ಆಚೆಗಿನದು ಓದುವಾಗ ನಿದ್ದೆ ಹೋಯಿತು.

1951ರಲ್ಲಿ 22 ಮಕ್ಕಳನ್ನು ಮನೆಗಳಿಂದ ಬಿಡಿಸಿ ಡೆನ್ಮಾರ್ಕಿಗೆ ಕರಕೊಂಡು ಹೋದರು. 'ಮಾದರಿ' ಡೇನಿಷ್ ಮಕ್ಕಳನ್ನಾಗಿ ಮಾಡಿ ವಾಪಸ್ ಬಿಡೋದು ಯೋಜನೆ. ಕೆಲವರು ಅಲ್ಲೇ ದತ್ತು ಹೋದರು. ವಾಪಸ್ ಬಂದವರನ್ನು ಅಪ್ಪ ಅಮ್ಮನ ಹತ್ತಿರ ಬಿಡದೆ ನೂಕ್ ಪಟ್ಟಣದ ಅನಾಥಾಲಯದಲ್ಲಿಟ್ಟರು. ಹಡಗಿಂದ ಇಳಿದ ಮಕ್ಕಳಿಗೆ ಅಮ್ಮನ ಮಾತು ಅರ್ಥವಾಗಲಿಲ್ಲ. ಡೆನ್ಮಾರ್ಕಿನ ಪ್ರಧಾನಿ ಇದಕ್ಕೆ ಕ್ಷಮೆ ಕೇಳಿದ್ದು 2020ರಲ್ಲಿ. ಅಷ್ಟು ಹೊತ್ತಿಗೆ ಬದುಕಿದ್ದವರು ಆರು ಜನ. 1966ರಿಂದ 1970ರವರೆಗೆ ಸುಮಾರು 4,500 ಹೆಂಗಸರು, ಹುಡುಗಿಯರಿಗೆ ಗರ್ಭನಿರೋಧಕ ವಂಕಿ ಹಾಕಿದರು. ಎಷ್ಟೋ ಜನಕ್ಕೆ ತಮಗೆ ಏನು ಮಾಡಿದರು ಅನ್ನೋದೇ ಗೊತ್ತಿರಲಿಲ್ಲ. ಅದಕ್ಕೆ ಕ್ಷಮೆ ಬಂದದ್ದು 2025ರಲ್ಲಿ.

1953ರಲ್ಲಿ ಗ್ರೀನ್‌ಲ್ಯಾಂಡ್ ವಸಾಹತು ಅಲ್ಲ, ಡೆನ್ಮಾರ್ಕಿನದೇ ಒಂದು ಭಾಗ ಅಂತ ಸಂವಿಧಾನ ಬದಲಾಯಿತು. ಅದೇ ವರ್ಷ ಮೇ ತಿಂಗಳಲ್ಲಿ, ದೂರದ ಉತ್ತರದ ಥೂಲೆ ಅನ್ನೋ ಕಡೆ, ಅಮೆರಿಕದ ವಾಯುನೆಲೆ ವಿಸ್ತರಿಸಬೇಕು ಅಂತ 27 ಬೇಟೆಗಾರ ಕುಟುಂಬಗಳನ್ನ ಎಬ್ಬಿಸಿದರು. ಕೊಟ್ಟದ್ದು ಕೆಲವೇ ದಿನಗಳ ಗಡುವು. ನೂರು ಕಿಲೋಮೀಟರಿಗೂ ಆಚೆ ಕಾನಾಕ್ ಅನ್ನೋ ಜಾಗಕ್ಕೆ ನಾಯಿಬಂಡಿಯಲ್ಲಿ ಹೋದರು. ಹೊಸ ಮನೆ ಇನ್ನೂ ಆಗಿರಲಿಲ್ಲ, ಡೇರೆಯಲ್ಲಿ ಇದ್ದರು. ಕೋರ್ಟು ಇದು ಬಲವಂತದ ಎತ್ತಂಗಡಿ ಅಂತ ಒಪ್ಪಿ ಪರಿಹಾರ ಕೊಡಿಸಿದ್ದು 1999ರಲ್ಲಿ. ವಾಪಸ್ ಹೋಗುವ ಹಕ್ಕು ಮಾತ್ರ 2003ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರೂ ಸಿಗಲಿಲ್ಲ. ಇದರ ನಡುವೆ 1968ರಲ್ಲಿ ನಾಲ್ಕು ಹೈಡ್ರೋಜನ್ ಬಾಂಬ್ ಹೊತ್ತ ಅಮೆರಿಕದ ವಿಮಾನ ಆ ನೆಲೆಯ ಹತ್ತಿರದ ಹೆಪ್ಪುಗಟ್ಟಿದ ಸಮುದ್ರಕ್ಕೆ ಬಿತ್ತು. ಅಣುಸ್ಫೋಟ ಆಗಲಿಲ್ಲ, ಆದರೆ ಪ್ಲುಟೋನಿಯಂ ಹರಡಿತು.

ಥೂಲೆಯಲ್ಲಿ ಯಾರದು ಸರಿ, ಯಾರದು ತಪ್ಪು ಅಂತ ಹೇಳೋದು ಸುಲಭ. ನನಗೆ ಕಷ್ಟವಾದದ್ದು ಕುಲ್ಲಿಸ್ಸಾಟ್ ಅನ್ನೋ ಊರು.

ಡಿಸ್ಕೋ ಅನ್ನೋ ದ್ವೀಪದಲ್ಲಿ 1924ರಲ್ಲಿ ಕಲ್ಲಿದ್ದಲ ಗಣಿ ಸುತ್ತ ಹುಟ್ಟಿದ ಊರು ಅದು. 1960ರ ದಶಕದಲ್ಲಿ ಸಾವಿರಕ್ಕೂ ಹೆಚ್ಚು ಜನ ಇದ್ದರು, ಅಲ್ಲಿಯ ಮಟ್ಟಿಗೆ ದೊಡ್ಡ ಪಟ್ಟಣ. ಆಗ ಡೆನ್ಮಾರ್ಕಿನವರು ಒಂದು ಯೋಜನೆ ಮಾಡಿದ್ದರು: ಚದುರಿದ ಜನರನ್ನ ಕೆಲವು ದೊಡ್ಡ ಪಟ್ಟಣಗಳಿಗೆ ಸೇರಿಸೋದು. ಅಲ್ಲಿ ಮೀನಿನ ಫ್ಯಾಕ್ಟರಿ, ಆಸ್ಪತ್ರೆ, ಶಾಲೆ, ಅಪಾರ್ಟ್‌ಮೆಂಟ್. ಗಣಿಯಿಂದ ಲಾಭ ಇಲ್ಲ ಅಂತ ಕುಲ್ಲಿಸ್ಸಾಟನ್ನು 1972ರಲ್ಲಿ ಮುಚ್ಚಿದರು. ಜನ ಹತ್ತಾರು ಕಡೆ ಚದುರಿದರು. ಎಷ್ಟೋ ಊರಿನವರನ್ನ ನೂಕಿದ್ದು ನೂಕ್‌ಗೇ. ಅವರ ಭಾಷೆಯಲ್ಲಿ ಆ ಪದಕ್ಕೆ ಭೂಶಿರ ಅಂತ ಅರ್ಥ, ಆದರೆ ಕನ್ನಡದ ಕಿವಿಗೆ ಬೇರೆಯೇ ಕೇಳಿಸುತ್ತೆ. ಅಲ್ಲಿ 'ಬ್ಲಾಕ್ ಪಿ' ಅಂತ ಒಂದು ಉದ್ದದ ಕಟ್ಟಡ ಇತ್ತು. ಇಡೀ ದೇಶದ ನೂರರಲ್ಲಿ ಒಬ್ಬರು ಆ ಒಂದೇ ಕಟ್ಟಡದಲ್ಲಿ ವಾಸವಾಗಿದ್ದರು. ಯುರೋಪಿನ ಅಳತೆಯ ಬಾಗಿಲು, ದಪ್ಪ ಚಳಿಬಟ್ಟೆ ಹಾಕಿಕೊಂಡು ನುಗ್ಗೋದು ಕಷ್ಟ. ಬೇಟೆ ಸಾಮಾನಿಗೆ ಜಾಗವಿಲ್ಲ. ಬಾತ್‌ಟಬ್ಬಿನಲ್ಲೇ ಬೇಟೆ ಕೊಯ್ದು, ಪೈಪು ಕಟ್ಟಿಕೊಳ್ತಿತ್ತು. 2012ರಲ್ಲಿ ಅದನ್ನ ಕೆಡವಿದರು.

ನೋಡಿ, ಆ ಯೋಜನೆ ಮಾಡಿದವರು ರಾಕ್ಷಸರಾಗಿದ್ದರೆ ನನಗೆ ಸಮಾಧಾನ ಇರ್ತಿತ್ತು. ಅವರ ಕೈಯಲ್ಲೂ ಲೆಕ್ಕ ಇತ್ತು. ಕ್ಷಯರೋಗ ಆ ಕಾಲದಲ್ಲಿ ಅಲ್ಲಿ ಸಾವಿನ ಮುಖ್ಯ ಕಾರಣಗಳಲ್ಲಿ ಒಂದು. ಎಕ್ಸ್‌ರೇ ಯಂತ್ರ ಇಟ್ಟುಕೊಂಡು ಹಡಗು ಕರಾವಳಿ ಸುತ್ತಿತು, ಔಷಧಿ ಬಂತು, ರೋಗ ಇಳಿಯಿತು. ಹತ್ತು ಮನೆಯ ಊರಿಗೆ ಡಾಕ್ಟರನ್ನ ಕಳಿಸೋಕಾಗಲ್ಲ, ಹತ್ತು ಮನೆಯವರೇ ಡಾಕ್ಟರ್ ಇರೋ ಕಡೆ ಬರಲಿ. ಈ ವಾದವನ್ನ ನಾನು ಎಲ್ಲಿ ಕೇಳಿದ್ದೆ ಅಂದರೆ, ನನ್ನ ಬಾಯಲ್ಲೇ. ಅಪ್ಪನಿಗೆ ಎದೆನೋವು ಬಂದು ಸ್ಟೆಂಟ್ ಹಾಕಿಸಿದ ಮೇಲೆ ಎರಡು ವರ್ಷದಿಂದ ಇದನ್ನೇ ಹೇಳ್ತಿದ್ದೀನಿ. ಊರಲ್ಲಿ ಏನಿದೆ? ಬೋರ್‌ವೆಲ್ ಬತ್ತಿದೆ, ಕಡಲೆಕಾಯಿ ಕೈ ಹತ್ತಲ್ಲ, ನಮ್ಮ ಬೀದಿಯಲ್ಲಿ ಬಾಗಿಲು ತೆಗೆಯೋದು ನಾಲ್ಕೇ ಮನೆ, ಅದರಲ್ಲೂ ಎಲ್ಲರಿಗೂ ಅರವತ್ತರ ಮೇಲೆ. ಬೆಂಗಳೂರಲ್ಲಿ ಲಿಫ್ಟ್ ಇದೆ, ಆಸ್ಪತ್ರೆ ಎರಡು ಕಿಲೋಮೀಟರ್.

ಅಪ್ಪನದು ಒಂದೇ ಉತ್ತರ. "ಬತ್ತೀನಪ್ಪ, ಆದ್ರೆ ಬಂದು ಬೆಳಗ್ಗೆ ಎದ್ದು ಏನ್ ಮಾಡ್ಲಿ ಹೇಳು?"

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಕುಲ್ಲಿಸ್ಸಾಟ್ ಮುಚ್ಚಿದವರ ಹತ್ತಿರವೂ ಇರಲಿಲ್ಲ. ಅವರಿಗೆ ಮನೆ ಕೊಟ್ಟರು, ಸಂಬಳ ಕೊಟ್ಟರು, ಬೆಳಗ್ಗೆ ಎದ್ದು ಏನು ಮಾಡಬೇಕು ಅನ್ನೋದನ್ನ ಕೊಡೋಕಾಗಲಿಲ್ಲ. ಹೊಸ ಪಟ್ಟಣಗಳಲ್ಲಿ ಕುಡಿತ, ಆತ್ಮಹತ್ಯೆ ಹೆಚ್ಚಿತು. ಇವತ್ತಿಗೂ ಆತ್ಮಹತ್ಯೆಯ ಪ್ರಮಾಣ ಜಗತ್ತಿನಲ್ಲೇ ಅತಿ ಹೆಚ್ಚಿರುವ ಕಡೆಗಳಲ್ಲಿ ಗ್ರೀನ್‌ಲ್ಯಾಂಡ್ ಒಂದು. ಹಾಗಂತ ನಾನು ನನ್ನ ವಾದ ಬಿಟ್ಟಿದ್ದೀನಾ? ಇಲ್ಲ. ಎದೆನೋವು ರಾತ್ರಿ ಎರಡು ಗಂಟೆಗೆ ಬಂದರೆ ಮಧುಗಿರಿಯಿಂದ ಆಂಬುಲೆನ್ಸ್ ಬರೋಕೆ ಎಷ್ಟು ಹೊತ್ತಾಗುತ್ತೆ ಅನ್ನೋದೂ ಲೆಕ್ಕವೇ. ಎರಡೂ ನಿಜ, ಎರಡನ್ನೂ ಇಟ್ಟುಕೊಂಡು ಮಾತಾಡಬೇಕು ಅಷ್ಟೇ. ಅಲ್ಲಿ ಮಾತೇ ಆಗಲಿಲ್ಲ, ಅದೇ ದೊಡ್ಡ ಅನ್ಯಾಯ.

ಇನ್ನೊಂದು ವಿಷಯ ಐಟಿ ಮಿತ್ರರಿಗಾಗಿ. 1964ರಿಂದ ಅಲ್ಲಿ ಒಂದು ಕಾನೂನಿತ್ತು. ಒಂದೇ ಶಾಲೆ, ಒಂದೇ ಕೆಲಸ, ಆದರೆ ಡೆನ್ಮಾರ್ಕಿನಲ್ಲಿ ಹುಟ್ಟಿದವನಿಗೆ ಜಾಸ್ತಿ ಸಂಬಳ, ಗ್ರೀನ್‌ಲ್ಯಾಂಡಿನಲ್ಲಿ ಹುಟ್ಟಿದವನಿಗೆ ಕಮ್ಮಿ. ಆನ್‌ಸೈಟ್, ಆಫ್‌ಶೋರ್ ದರದ ಬಗ್ಗೆ ಕ್ಯಾಂಟೀನಿನಲ್ಲಿ ಗೊಣಗುವ ನಮಗೆ ಇದು ಅರ್ಥವಾಗುತ್ತೆ. ವ್ಯತ್ಯಾಸ ಏನಂದರೆ, ಅವರಿಗೆ ಇದು ತಮ್ಮ ಊರಲ್ಲೇ, ಪಕ್ಕದ ಮೇಜಿನಲ್ಲೇ ಆಗ್ತಿತ್ತು.

ಸಿಟ್ಟು ಎಲ್ಲೋ ಹೊರಗೆ ಬರಲೇಬೇಕಲ್ಲ. ಡೆನ್ಮಾರ್ಕಿಗೆ ಓದೋಕೆ ಹೋಗಿದ್ದ ಹುಡುಗರು 'ಸುಮೇ' ಅಂತ ಬ್ಯಾಂಡ್ ಕಟ್ಟಿದರು. ಸುಮೇ ಅಂದರೆ 'ಎಲ್ಲಿ?' 1973ರಲ್ಲಿ ಬಂದ ಅವರ ಮೊದಲ ಆಲ್ಬಮ್ಮಿನ ಹೆಸರು 'ಸುಮುಟ್', ಅಂದರೆ 'ಎಲ್ಲಿಗೆ?' ಅದು ಗ್ರೀನ್‌ಲ್ಯಾಂಡ್ ಭಾಷೆಯ ಮೊದಲ ರಾಕ್ ಆಲ್ಬಮ್. ಆ ಭಾಷೆಯಲ್ಲಿ ಗಿಟಾರ್ ಹಿಡಿದು ರಾಜಕೀಯ ಹಾಡಬಹುದು ಅನ್ನೋದನ್ನ ಜನ ಮೊದಲ ಸಲ ಕೇಳಿದರು. 1979ರಲ್ಲಿ ಸ್ಥಳೀಯ ಸರ್ಕಾರ ಬಂತು, ಗಾಟ್‌ಹೋಬ್ ಇದ್ದದ್ದು ನೂಕ್ ಆಯಿತು. ಮೀನು ಹಿಡಿಯುವ ಹಕ್ಕಿನ ಜಗಳದಲ್ಲಿ 1985ರಲ್ಲಿ ಯುರೋಪಿನ ಒಕ್ಕೂಟದಿಂದ ಹೊರಗೆ ಬಂದರು. 2009ರ ಜೂನ್ 21ರಂದು ಸ್ವಯಮಾಡಳಿತ ಬಂತು, ಕಲಾಲ್ಲಿಸುಟ್ ಒಂದೇ ಅಧಿಕೃತ ಭಾಷೆ ಅಂತಾಯಿತು. 57 ಸಾವಿರ ಜನ! ಆರು ಕೋಟಿ ಜನ ಇರೋ ನಾವು ಬ್ಯಾಂಕಿನ ಚಲನ್ನಿನಲ್ಲಿ ಕನ್ನಡ ಕೇಳೋಕೆ ನಾಚಿಕೊಳ್ತೀವಿ.

ಕಷ್ಟಗಳು ಮುಗಿದಿಲ್ಲ. ಸರ್ಕಾರದ ಖರ್ಚಿನ ದೊಡ್ಡ ಪಾಲು ಇವತ್ತೂ ಡೆನ್ಮಾರ್ಕಿನಿಂದ ಬರಬೇಕು. ರಫ್ತಿನಲ್ಲಿ ನೂರಕ್ಕೆ ತೊಂಬತ್ತು ಬರೀ ಸೀಗಡಿ ಮತ್ತು ಮೀನು. ಮಂಜುಗಡ್ಡೆ ವರ್ಷಕ್ಕೆ ಸರಾಸರಿ 20 ಸಾವಿರ ಕೋಟಿ ಟನ್ನಿಗೂ ಹೆಚ್ಚು ಕರಗಿ ಸಮುದ್ರ ಸೇರ್ತಿದೆ. ಪೂರ್ತಿ ಕರಗಿದರೆ ಸಮುದ್ರ ಏಳು ಮೀಟರಿನಷ್ಟು ಏರುತ್ತೆ, ಅದು ಸಾವಿರಾರು ವರ್ಷದ ಮಾತು. ಆದರೆ ಸಮುದ್ರದ ಹೆಪ್ಪು ತೆಳ್ಳಗಾಗಿ ಬಂಡಿ ಓಡಿಸೋಕಾಗದೆ ಇರೋದು ಈಗಿನ ಮಾತು. ಕರಗಿದ ಅಂಚಿನಲ್ಲಿ ಖನಿಜ ಇದೆ ಅಂತ ದೊಡ್ಡವರ ಕಣ್ಣು. ಆದರೂ 2021ರಲ್ಲಿ ಅವರು ಹೊಸ ಎಣ್ಣೆ ಹುಡುಕಾಟಕ್ಕೆ ಪರವಾನಗಿ ಕೊಡಲ್ಲ ಅಂದರು, ಯುರೇನಿಯಂ ಗಣಿಗಾರಿಕೆಯನ್ನೂ ನಿಷೇಧಿಸಿದರು. ದುಡ್ಡಿನ ಅಗತ್ಯ ಇದ್ದವರು ಹೇಳಿದ 'ಬೇಡ' ಅದು.

ಅಲ್ಲಿ ನೆಲ ಯಾರ ಸ್ವಂತದ್ದೂ ಅಲ್ಲ ಅನ್ನೋದು ಗೊತ್ತಾ? ಮನೆ ನಿಮ್ಮದು, ಆದರೆ ಅದು ನಿಂತ ಜಾಗ ಎಲ್ಲರದು. ಅರ್ಜಿ ಹಾಕಿ ಬಳಸುವ ಹಕ್ಕು ಪಡೀಬೇಕು, ಅಷ್ಟೇ. ಪಹಣಿ, ಪೋಡಿ, ಮ್ಯುಟೇಶನ್ ಅಂತ ತಾಲ್ಲೂಕು ಆಫೀಸಿನ ಮೆಟ್ಟಿಲು ಸವೆಸಿದ ಮನೆತನದ ನನಗೆ ಇದು ಸ್ವರ್ಗದ ವರ್ಣನೆ ಥರ ಕೇಳಿಸಿತು. ಒಂದು ಸೈಟನ್ನೂ ಮಾರೋಕಾಗದ ಆ ನಾಡನ್ನ ಪೂರ್ತಿಯಾಗಿ ಕೊಳ್ತೀವಿ ಅಂತ ಅಮೆರಿಕ 1946ರಲ್ಲೇ 10 ಕೋಟಿ ಡಾಲರಿನ ಬೆಲೆ ಹೇಳಿತ್ತು, 2019ರಲ್ಲಿ ಮತ್ತೆ ಕೇಳಿತು, 2025ರಲ್ಲಿ ಇನ್ನೂ ಜೋರಾಗಿ ಕೇಳಿತು. ನಾವು ಮಾರಾಟಕ್ಕಿಲ್ಲ ಅಂತ ಅಲ್ಲಿಯವರು ಹೇಳ್ತಾನೇ ಇದ್ದಾರೆ.

ಹೋದ ತಿಂಗಳು ಊರಿಗೆ ಹೋದಾಗ ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ದಕ್ಷಿಣದ ಕಡೆ ಇವತ್ತೂ ಕುರಿ ಸಾಕ್ತಾರೆ ಅಂದಾಗ ಮಾತ್ರ ಅವರ ಮುಖ ಅರಳಿತು. ಚಳಿಗಾಲದಲ್ಲಿ ಮೇವಿಗೆ ಏನು ಮಾಡ್ತಾರೆ ಅಂತ ಕೇಳಿದರು. ಬೇಸಿಗೆಯಲ್ಲಿ ಹುಲ್ಲು ಕೊಯ್ದು ಒಣಗಿಸಿ ಇಟ್ಟುಕೊಳ್ತಾರೆ ಅಂದೆ. "ಬಣವೆ ಒಟ್ತಾರೆ ಅನ್ನು" ಅಂದರು. ಆಮೇಲೆ ಕುಲ್ಲಿಸ್ಸಾಟ್ ಕಥೆ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಈಗ ಯಾರೂ ಇಲ್ವಾ ಅಲ್ಲಿ?" ಅಂದರು.

"ಬೇಸಿಗೇಲಿ ಬರ್ತಾರೆ. ಹಳೇ ಮನೆಗಳನ್ನ ಕೆಲವರು ರಿಪೇರಿ ಮಾಡಿಕೊಂಡಿದಾರೆ. ಮಕ್ಕಳು ಮೊಮ್ಮಕ್ಕಳನ್ನ ಕರಕೊಂಡು ದೋಣೀಲಿ ಬಂದು ಇದ್ದು ಹೋಗ್ತಾರೆ."

"ಮನೆ ನಿಂತವೆ ಅಂದ್ಮೇಲೆ ಊರು ಐತೆ ಬಿಡು" ಅಂದರು ಅಪ್ಪ. ಇಲ್ಲೊಕರ್‌ಫಿಕ್ ಅನ್ನೋ ಪದದ ಅರ್ಥವನ್ನ ನಾನು ಅವರಿಗೆ ಹೇಳಿರಲೇ ಇಲ್ಲ.

ಬೆಂಗಳೂರಿಗೆ ಬರುವ ವಿಷಯ ಇನ್ನೂ ತೀರ್ಮಾನವಾಗಿಲ್ಲ. ಮುಂದಿನ ತಿಂಗಳು ಹಾರ್ಟ್ ಚೆಕಪ್ಪಿಗೆ ಬರ್ತಾರೆ. ಎರಡು ದಿನಕ್ಕೆ ಅಂತ ಹೇಳಿದ್ದಾರೆ, ನಾನು ನಾಲ್ಕು ದಿನ ಉಳಿಸಿಕೊಳ್ಳೋ ಪ್ರಯತ್ನದಲ್ಲಿದ್ದೀನಿ.